ಬಿಗಿದಷ್ಟೂ ಸೋರುವ ಸಂಪು

ಮೈಸೂರಿನಲ್ಲಿ "ಸಂಪು ಸೋರ್ತಾ ಇದೆ" ಅಂದರೆ ಮೊದಲು ನೆನಪಾಗುವವನು ಪ್ಲಂಬರ್. ಗೇಟಿನ ಒಳಗೆ, ನೆಲದಡಿಯಲ್ಲಿ ನಲ್ಲಿ ನೀರು ತುಂಬಿಕೊಳ್ಳುವ ತೊಟ್ಟಿಯೇ ನಮಗೆ ಸಂಪು. ಕಾರಿನ ಎಂಜಿನ್ನಿನ ತಳಕ್ಕೆ ಅಂಟಿಕೊಂಡ ಎಣ್ಣೆ ತೊಟ್ಟಿಯ ಹೆಸರೂ ಅದೇ ಆದರೂ ಗ್ಯಾರೇಜಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಅಲ್ಲಿ ಅದು 'ಚೇಂಬರ್'. ಅದಕ್ಕೂ ಎಂಜಿನ್ನಿಗೂ ನಡುವೆ ಕೂರುವ ಗ್ಯಾಸ್ಕೆಟ್ 'ಪ್ಯಾಕಿಂಗ್'. "ಚೇಂಬರ್ ಪ್ಯಾಕಿಂಗ್ ಹೋಗಿದೆ ಸಾರ್" ಎಂಬ ಮಾತನ್ನು ನಾನು ಒಂದೇ ವರ್ಷದಲ್ಲಿ ಮೂರು ಸಲ ಕೇಳಿದೆ.

ನಮ್ಮದು ಹಳೆಯ ಅಂಬಾಸಡರ್, ಪೆಟ್ರೋಲಿನದು. ಮೂರು ಸಲವೂ ಪ್ಯಾಕಿಂಗ್ ಬದಲಾಯಿತು. ಮೊದಲ ಸಲಕ್ಕಿಂತ ಎರಡನೆಯ ಸಲ ಬೋಲ್ಟುಗಳನ್ನು ಹೆಚ್ಚು ಬಿಗಿದರು. ಮೂರನೆಯ ಸಲ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿದರು. ಸೋರಿಕೆಯೂ ಅದೇ ಕ್ರಮದಲ್ಲಿ ಹೆಚ್ಚಿತು. ಕೊನೆಗೆ ಮಂಡಿ ಮೊಹಲ್ಲಾದ ಓಣಿಯೊಂದರ ಹಿರಿಯ ಮೆಕ್ಯಾನಿಕ್ ಬಳಿ ಹೋದೆ. ಸುತ್ತಮುತ್ತಲ ಹುಡುಗರು ಅವರನ್ನು ಉಸ್ತಾದ್ ಎನ್ನುತ್ತಾರೆ. ಅವರು ಚೇಂಬರನ್ನು ಬಿಚ್ಚಿ, ತೊಳೆದು, ಯಾರದೋ ಅಡುಗೆಮನೆ ಕಟ್ಟೆಯಿಂದ ಉಳಿದ ಗ್ರಾನೈಟ್ ಚಪ್ಪಡಿಯ ಮೇಲೆ ಬಾಯಿ ಕೆಳಗೆ ಮಾಡಿ ಇಟ್ಟರು. ಜೇಬಿನಿಂದ ಒಂದು ವಿಸಿಟಿಂಗ್ ಕಾರ್ಡ್ ತೆಗೆದು ಅಂಚಿನ ಅಡಿ ತೂರಿಸಿದರು. ಕಾರ್ಡು ಸಲೀಸಾಗಿ ಒಳಗೆ ಹೋಯಿತು. "ನೋಡಿ ಸಾರ್, ಬೋಲ್ಟ್ ಇರೋ ಕಡೆ ಮಾತ್ರ ಕೂತಿದೆ, ಮಧ್ಯದಲ್ಲೆಲ್ಲ ಸೇತುವೆ," ಎಂದರು.

ಈ 'ಸೇತುವೆ' ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ಚೇಂಬರ್ ಸೋರಿಕೆಯ ಮುಕ್ಕಾಲು ಪಾಲು ತಿಳಿದಂತೆ. ಚೇಂಬರ್ ಅಂದರೆ ತೆಳುವಾದ ಉಕ್ಕಿನ ತಗಡನ್ನು ಅಚ್ಚಿಗೆ ಒತ್ತಿ ಮಾಡಿದ ತಪ್ಪಲೆ. ಅದರ ಕಂಠಕ್ಕೆ ಸುತ್ತಲೂ ಚಪ್ಪಟೆ ಅಂಚು, ಆ ಅಂಚಿನಲ್ಲಿ ಸಾಲಾಗಿ ತೂತುಗಳು. ಕಾಲು ಇಂಚು ಅಥವಾ 6 ಮಿ.ಮೀ. ದಪ್ಪದ ಬೋಲ್ಟುಗಳು ಅದನ್ನು ಮೇಲಿನ ಎರಕದ ಬ್ಲಾಕಿಗೆ ಎಳೆದು ಹಿಡಿಯುತ್ತವೆ. ಬೋಲ್ಟನ್ನು ಅತಿಯಾಗಿ ಬಿಗಿದಾಗ ತೂತಿನ ಸುತ್ತಲಿನ ತಗಡು ಮೆತ್ತನೆಯ ಪ್ಯಾಕಿಂಗನ್ನು ಅದುಮಿಕೊಂಡು ಮೇಲಕ್ಕೆ ಉಬ್ಬುತ್ತದೆ. ಎರಡು ಬೋಲ್ಟುಗಳ ನಡುವಿನ ತಗಡು ಕೆಳಕ್ಕೆ ಬಾಗಿ ಕಮಾನಾಗುತ್ತದೆ. ಹಾಗಾಗಿ ಬೋಲ್ಟಿನ ಬುಡದಲ್ಲಿ ಪ್ಯಾಕಿಂಗ್ ಜಜ್ಜಿಹೋಗಿರುತ್ತದೆ, ನಡುವೆ ಅದರ ಮೇಲೆ ಒತ್ತಡವೇ ಇರುವುದಿಲ್ಲ. ಸೋರುವುದು ಅಲ್ಲಿ. ಸೋರಿತೆಂದು ಮತ್ತೆ ಬಿಗಿದರೆ ಕಮಾನು ಇನ್ನಷ್ಟು ಬಾಗುತ್ತದೆ.

ಲೆಕ್ಕ ಹಾಕಿದರೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಚೇಂಬರಿನ ಬೋಲ್ಟುಗಳಿಗೆ ಸಾಮಾನ್ಯವಾಗಿ ಬೇಕಾಗುವ ತಿರುಚುಬಲ 8ರಿಂದ 10 ನ್ಯೂಟನ್-ಮೀಟರ್. ಒಂದು ಗೇಣು ಉದ್ದದ ಸ್ಪ್ಯಾನರಿನ ತುದಿಗೆ ಐದು ಕೆ.ಜಿ. ಅಕ್ಕಿ ಚೀಲ ನೇತುಹಾಕಿದರೆ ಸರಿಸುಮಾರು ಇಷ್ಟಾಗುತ್ತದೆ. ಹಾಕಿದ ಶಕ್ತಿಯಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಉಜ್ಜುವಿಕೆಗೆ, ಉಳಿದುದರಲ್ಲಿ ಬಹುಪಾಲು ಮರೆಗಳ (ಥ್ರೆಡ್ಡುಗಳ) ಉಜ್ಜುವಿಕೆಗೆ ಖರ್ಚಾಗುತ್ತದೆ. ಬೋಲ್ಟನ್ನು ಎಳೆದು ಹಿಡಿಯುವ ಕೆಲಸಕ್ಕೆ ಉಳಿಯುವುದು ಹತ್ತರಲ್ಲೊಂದು ಪಾಲು. ಆದರೂ ಮರೆ ಎಂಬುದು ಬೋಲ್ಟಿಗೆ ಸುತ್ತಿದ ಇಳಿಜಾರು ಹಲಗೆಯೇ ಆದ್ದರಿಂದ, ಆ ಚಿಕ್ಕ ಪಾಲೂ ಒಂದೊಂದು ಬೋಲ್ಟಿನಲ್ಲಿ 600ರಿಂದ 800 ಕೆ.ಜಿ. ತೂಕದಷ್ಟು ಹಿಡಿತ ಕೊಡುತ್ತದೆ. ಇಪ್ಪತ್ತು ಬೋಲ್ಟುಗಳಿದ್ದರೆ ಹನ್ನೆರಡು ಟನ್ನಿಗೆ ಕಡಿಮೆಯಿಲ್ಲ. ಅಂಬಾಸಡರಿನ ತೂಕವೇ ಒಂದು ಟನ್ನಿಗಿಂತ ತುಸು ಹೆಚ್ಚು, ಅಷ್ಟೆ. ಮರೆಗಳಿಗೆ ಎಣ್ಣೆ ಹತ್ತಿದ್ದರಂತೂ ಉಜ್ಜುವಿಕೆ ಕಡಿಮೆಯಾಗಿ, ಕೈಗೆ ಅಷ್ಟೇ ಬಿಗಿ ಅನ್ನಿಸಿದರೂ ಹಿಡಿತ ಒಂದೂವರೆ ಪಟ್ಟಿನವರೆಗೆ ಏರಬಹುದು.

ಇಷ್ಟೆಲ್ಲ ಹಿಡಿತ ಯಾರ ವಿರುದ್ಧ? ಎಂಜಿನ್ನಿನ ಎಣ್ಣೆಗೆ ಒತ್ತಡವಿರುವುದು ನಿಜ, ಓಡುವಾಗ ಪಂಪು ಅದನ್ನು ವಾತಾವರಣದ ಮೂರು-ನಾಲ್ಕು ಪಟ್ಟು ಒತ್ತಡದಲ್ಲಿ ಬೇರಿಂಗುಗಳಿಗೆ ನೂಕುತ್ತದೆ. ಆದರೆ ಆ ಒತ್ತಡ ಇರುವುದು ಪಂಪಿನಾಚೆಯ ಕೊಳವೆಗಳಲ್ಲಿ, ಚೇಂಬರಿನಲ್ಲಿ ಅಲ್ಲ. ಚೇಂಬರಿನಲ್ಲಿ ಎಣ್ಣೆ ಬಾವಿಯ ನೀರಿನಂತೆ ಸುಮ್ಮನೆ ನಿಂತಿರುತ್ತದೆ. ಒಂದು ಗೇಣಿಗೂ ಕಡಿಮೆ ಆಳದ ಎಣ್ಣೆ ತಳದ ಮೇಲೆ ಹಾಕುವ ಒತ್ತಡ ವಾತಾವರಣದ ನೂರರಲ್ಲೊಂದು ಪಾಲು. ಎಷ್ಟೋ ಎಂಜಿನ್ನುಗಳಲ್ಲಿ ನಿಂತ ಎಣ್ಣೆಯ ಮಟ್ಟ ಪ್ಯಾಕಿಂಗಿನ ತನಕ ಬರುವುದೂ ಇಲ್ಲ. ಪ್ಯಾಕಿಂಗಿಗೆ ತಾಕುವುದು ಕ್ರ್ಯಾಂಕ್ ಎರಚುವ ಹನಿಗಳು, ಗೋಡೆಯಿಂದ ಇಳಿಯುವ ಎಣ್ಣೆ, ಅಷ್ಟೆ. ಹನ್ನೆರಡು ಟನ್ ಹಿಡಿತವಿದ್ದೂ ಇಷ್ಟು ಬಡಪಾಯಿ ಎಣ್ಣೆ ತಪ್ಪಿಸಿಕೊಳ್ಳುತ್ತದೆ ಎಂದರೆ ಕೊರತೆ ಬಲದ್ದಲ್ಲ. ಬಲ ಎಲ್ಲ ಕಡೆ ಒಂದೇ ಸಮ ಹಂಚಿಕೆಯಾಗಿಲ್ಲ.

ಹಂಚಿಕೆ ತುಸು ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ದ್ರವಗಳ ನಿಯಮವೊಂದು ಉತ್ತರ ಕೊಡುತ್ತದೆ. ತೆಳು ಸಂದಿನಲ್ಲಿ ದ್ರವ ಹರಿಯುವ ಪ್ರಮಾಣ ಸಂದಿನ ಅಗಲದ ಘನಕ್ಕೆ ಅನುಗುಣ. ಸಂದು ಇಮ್ಮಡಿಯಾದರೆ ಸೋರಿಕೆ ಎಂಟು ಪಟ್ಟು, ಮೂರ್ಮಡಿಯಾದರೆ ಇಪ್ಪತ್ತೇಳು ಪಟ್ಟು. ತಲೆಗೂದಲಿನಷ್ಟು ಸಂದು ಇದ್ದದ್ದು ವಿಸಿಟಿಂಗ್ ಕಾರ್ಡಿನಷ್ಟಾದರೆ ಏನಾಗುತ್ತದೆಂದು ಓದುಗರೇ ಗುಣಿಸಬಹುದು. ಇದರ ಜೊತೆಗೆ ಎಣ್ಣೆಯ ಸ್ನಿಗ್ಧತೆ. 15ಡಬ್ಲ್ಯು-40 ಎಣ್ಣೆ 40 ಡಿಗ್ರಿಯಲ್ಲಿದ್ದುದಕ್ಕಿಂತ 100 ಡಿಗ್ರಿಯಲ್ಲಿ ಏಳೆಂಟು ಪಟ್ಟು ತೆಳ್ಳಗಿರುತ್ತದೆ. ಗ್ಯಾರೇಜಿನಲ್ಲಿ ಹತ್ತು ನಿಮಿಷ ಎಂಜಿನ್ ಓಡಿಸಿ ತೋರಿಸಿದಾಗ ಒಣಗಿದ್ದ ಅಂಚು, ನಂಜನಗೂಡಿಗೆ ಹೋಗಿ ಬಂದ ಮೇಲೆ ಒದ್ದೆಯಾಗುವುದು ಇದರಿಂದ. ಎಣ್ಣೆಗೆ ಇನ್ನೊಂದು ಗುಣವೂ ಇದೆ. ನೀರಿಗೆ ಹೋಲಿಸಿದರೆ ಅದರ ಮೇಲ್ಮೈ ಎಳೆತ ಅರ್ಧಕ್ಕೂ ಕಡಿಮೆ. ನೀರು ಮುತ್ತುಗಟ್ಟಿ ನಿಲ್ಲುವ ಗೀರಿನಲ್ಲಿ ಎಣ್ಣೆ ಹರಡಿಕೊಂಡು ತೆವಳುತ್ತದೆ. ಹಳೆಯ ಪ್ಯಾಕಿಂಗನ್ನು ಹ್ಯಾಕ್ಸಾ ಬ್ಲೇಡಿನಿಂದ ಕೆರೆಯುವಾಗ ಅಡ್ಡಡ್ಡ ಬಿದ್ದ ಒಂದು ಗೀರು ಅದಕ್ಕೆ ಸಾಕಷ್ಟು ದೊಡ್ಡ ಕಾಲುವೆ.

ಉಸ್ತಾದ್ ಆ ಗ್ರಾನೈಟ್ ಚಪ್ಪಡಿಯನ್ನು ಬಳಸಿದ್ದು ಆಕಸ್ಮಿಕವಲ್ಲ. ಅಳತೆಯ ಪ್ರಯೋಗಾಲಯಗಳಲ್ಲಿ 'ಸರ್ಫೇಸ್ ಪ್ಲೇಟ್' ಎಂದು ಇಟ್ಟಿರುವುದೂ ಗ್ರಾನೈಟ್ ಚಪ್ಪಡಿಯನ್ನೇ. ಅದು ತುಕ್ಕು ಹಿಡಿಯುವುದಿಲ್ಲ, ಬಿಸಿಗೆ ಉಕ್ಕಿಗಿಂತ ಕಡಿಮೆ ಹಿಗ್ಗುತ್ತದೆ. ಏಟು ಬಿದ್ದರೆ ಕಬ್ಬಿಣದಂತೆ ಉಬ್ಬಿ ನಿಲ್ಲದೆ ಚೂರು ಹಾರಿ ಹೋಗುತ್ತದೆ, ಆದ್ದರಿಂದ ಮಟ್ಟ ಕೆಡುವುದಿಲ್ಲ. ಕರಿ ಗ್ರಾನೈಟಿಗೆ ಹೆಸರಾದ ಚಾಮರಾಜನಗರ ಪಕ್ಕದಲ್ಲೇ ಇರುವಾಗ ಮೈಸೂರಿನ ಗ್ಯಾರೇಜಿಗೆ ಇದಕ್ಕಿಂತ ಅಗ್ಗದ ಉಪಕರಣ ಯಾವುದಿದೆ? ಉಬ್ಬಿದ ತೂತುಗಳ ಅಡಿಗೆ ಕಬ್ಬಿಣದ ದಿಮ್ಮಿ ಆನಿಸಿ, ಸಣ್ಣ ಸುತ್ತಿಗೆಯಿಂದ ಒಂದೊಂದನ್ನೇ ಮೇಲಿನಿಂದ ತಟ್ಟಿ, ಮತ್ತೆ ಕಲ್ಲಿನ ಮೇಲಿಟ್ಟು, ಮತ್ತೆ ತಟ್ಟಿ, ಕಾರ್ಡು ಎಲ್ಲೂ ನುಗ್ಗದಂತೆ ಮಾಡಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಹಿಂದಿನ ಮೂರು ಸಲ ಯಾರೂ ಈ ಮುಕ್ಕಾಲು ಗಂಟೆಯನ್ನು ಕೊಟ್ಟಿರಲಿಲ್ಲ. ಬಿಲ್ಲಿನಲ್ಲಿ ಬರೆಯಲು ಇದಕ್ಕೆ ಹೆಸರಿಲ್ಲ ಎಂಬುದೂ ಒಂದು ಕಾರಣವಿರಬಹುದು.

ಇನ್ನು ಪ್ಯಾಕಿಂಗಿನ ವಿಷಯ. ಅಂಬಾಸಡರಿನ 1489 ಸಿ.ಸಿ. ಎಂಜಿನ್ ಮೂಲತಃ ಬ್ರಿಟನ್ನಿನ ಬಿಎಂಸಿ ಕಂಪನಿಯ 'ಬಿ ಸೀರೀಸ್'. ಅದರ ಚೇಂಬರಿಗೆ ಕಾರ್ಕಿನ ಪ್ಯಾಕಿಂಗ್. ಎರಡು ಪಕ್ಕಕ್ಕೆ ಎರಡು ಪಟ್ಟಿ, ಹಿಂದೆ ಮುಂದೆ ಬೇರಿಂಗ್ ಕ್ಯಾಪಿನ ಕಮಾನಿಗೆ ಬೇರೆ ತುಂಡುಗಳು. ಕಾರ್ಕ್ ಎಂದರೆ ಮೆಡಿಟರೇನಿಯನ್ ಸೀಮೆಯ ಒಂದು ಜಾತಿಯ ಓಕ್ ಮರದ ತೊಗಟೆ. 1665ರಲ್ಲಿ ರಾಬರ್ಟ್ ಹುಕ್ ತನ್ನ ಸೂಕ್ಷ್ಮದರ್ಶಕದ ಅಡಿಗಿಟ್ಟು, ಪುಟ್ಟ ಪುಟ್ಟ ಕೋಣೆಗಳನ್ನು ಕಂಡು 'ಸೆಲ್' ಎಂದು ಹೆಸರಿಟ್ಟದ್ದು ಇದೇ ಕಾರ್ಕಿನ ಚೂರನ್ನು ನೋಡಿ. ಗಾಳಿ ತುಂಬಿದ ಆ ಮುಚ್ಚಿದ ಕೋಣೆಗಳೇ ಅದನ್ನು ಒಳ್ಳೆಯ ಪ್ಯಾಕಿಂಗ್ ಮಾಡುವುದು. ಮೇಲಿಂದ ಒತ್ತಿದರೆ ಕೋಣೆಯ ಗೋಡೆಗಳು ಮಡಚಿಕೊಳ್ಳುತ್ತವೆ, ಪಕ್ಕಕ್ಕೆ ಉಬ್ಬುವುದು ಇಲ್ಲವೆಂಬಷ್ಟು ಕಡಿಮೆ. ರಬ್ಬರ್ ಹಾಗಲ್ಲ, ಅದರ ಗಾತ್ರ ಕುಗ್ಗುವುದೇ ಇಲ್ಲ. ಮೇಲಿಂದ ಎಷ್ಟು ಒತ್ತಿದರೆ ಅಷ್ಟು ಪಕ್ಕಕ್ಕೆ ಹೊರಳುತ್ತದೆ. ಬಾಟಲಿಗೆ ಕಾರ್ಕಿನ ಬಿರಡೆ ನೇರ ಸಿಲಿಂಡರಿನಂತಿದ್ದರೂ ನುಗ್ಗುತ್ತದೆ, ಪ್ರಯೋಗಾಲಯದ ರಬ್ಬರ್ ಬಿರಡೆಯನ್ನು ತುದಿಗೆ ಸಣ್ಣದಾಗಿ ಮಾಡಲೇಬೇಕು. ರಬ್ಬರ್ ಪ್ಯಾಕಿಂಗನ್ನು ಅತಿಯಾಗಿ ಬಿಗಿದಾಗ ನಾಲಗೆ ಚಾಚಿದಂತೆ ಅಂಚಿನಿಂದ ಹೊರಗೆ ಬರುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಮೈಸೂರಿಗೆ ಕಾರ್ಕ್ ಅಪರಿಚಿತವೂ ಅಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ತನಕ ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ಮಾಡಿತು. ಅವುಗಳ ಕ್ಲಚ್ ಪ್ಲೇಟುಗಳಿಗೆ ಕಾರ್ಕನ್ನೇ ಕೂರಿಸಿರುತ್ತಿದ್ದರು. ಎಣ್ಣೆಯಲ್ಲಿ ಮುಳುಗಿದ್ದೂ ಹಿಡಿತ ಬಿಡದ ಗುಣಕ್ಕಾಗಿ. ಆ ಬೈಕುಗಳದು ಟೂ-ಸ್ಟ್ರೋಕ್ ಎಂಜಿನ್. ಎಣ್ಣೆ ಪೆಟ್ರೋಲಿನ ಜೊತೆ ಬೆರೆತೇ ಹೋಗುತ್ತಿತ್ತು, ಕಾರಿನಂತೆ ಎಂಜಿನ್ನಿಗೆಂದು ಎಣ್ಣೆಯ ಚೇಂಬರ್ ಇರಲಿಲ್ಲ. ಆದರೆ ಅಲ್ಲಿ ಕ್ರ್ಯಾಂಕ್ ಕೇಸಿನ ಜೋಡಣೆ ಸಡಿಲವಾದರೆ ನೆಲಕ್ಕೆ ಕಲೆಯಾಗುವುದಷ್ಟೇ ಅಲ್ಲ, ಹೊರಗಿನ ಗಾಳಿ ಒಳನುಗ್ಗಿ ಎಂಜಿನ್ನೇ ಕಾದು ಕೆಡುತ್ತದೆ. ಉಸ್ತಾದ್ ಕೈ ಪಳಗಿದ್ದು ಆ ಬೈಕುಗಳ ಮೇಲೆ. ಕಾರಿನ ಚೇಂಬರನ್ನು ಅವರು ಅಷ್ಟು ಮರ್ಯಾದೆಯಿಂದ ಕಾಣುವುದಕ್ಕೆ ಆ ಅಭ್ಯಾಸವೇ ಕಾರಣ ಎಂದು ನನ್ನ ಊಹೆ.

ಕಾರ್ಕಿನ ದೌರ್ಬಲ್ಯ ಒಣಗುವಿಕೆ. ಅಂಗಡಿಯ ಮೊಳೆಗೆ ವರ್ಷಗಟ್ಟಲೆ ನೇತುಬಿದ್ದ ಪ್ಯಾಕಿಂಗ್ ಕುಗ್ಗಿ, ತೂತುಗಳು ಬೋಲ್ಟಿಗೆ ಹೊಂದುವುದಿಲ್ಲ. ಹುಡುಗರು ಎಳೆದು ಹೊಂದಿಸಲು ಹೋಗಿ ಹರಿಯುತ್ತಾರೆ. ಹಳಬರು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಹಿಗ್ಗಿದ ಮೇಲೆ ಒರೆಸಿ ಕೂರಿಸುತ್ತಾರೆ. ಇನ್ನೊಂದು ದೌರ್ಬಲ್ಯ, ಬಿಸಿಯಲ್ಲಿ ಅದು ಒತ್ತಡಕ್ಕೆ ಒಗ್ಗಿ ತೆಳುವಾಗುತ್ತದೆ, ಬೋಲ್ಟು ಸಡಿಲವಾಗುತ್ತದೆ. ಅದಕ್ಕಾಗಿ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಂದು ಸುತ್ತು ಮೆಲ್ಲಗೆ ಬಿಗಿಯಬೇಕು.

ಹಿಂದೆ ಕಾರ್ಕಿನ ಜೊತೆಗೆ ಹಚ್ಚುತ್ತಿದ್ದುದು ಶೆಲ್ಯಾಕ್. ಕಂದು ಬಣ್ಣದ, ಸ್ಪಿರಿಟ್ ವಾಸನೆಯ ಆ ಅಂಟು ಬೇರೇನಲ್ಲ, ನಮ್ಮ ಅರಗು. ಮರದ ರೆಂಬೆಗಳ ಮೇಲೆ ಅರಗಿನ ಹುಳು ಕಟ್ಟುವ ಗೂಡು. ಮೈಸೂರು ಸೀಮೆಯ ಕಾಡಿನ ಅರಗನ್ನು ಬಳಸಿಕೊಳ್ಳಲೆಂದೇ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. ಬನ್ನಿಮಂಟಪದ ಆ ಕಾರ್ಖಾನೆ ಈಗ ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರುವಾಸಿ. ಅದಕ್ಕೂ ಮೊದಲು ಮುದ್ರೆ ಒತ್ತುವ ಅರಗು ಅಲ್ಲಿ ತಯಾರಾಗುತ್ತಿತ್ತು. ಲಕೋಟೆಯ ಬಾಯಿ ಮುಚ್ಚುವುದೂ ಎಂಜಿನ್ನಿನ ಬಾಯಿ ಮುಚ್ಚುವುದೂ ಒಂದೇ ವಸ್ತುವಿನಿಂದ ಆಗಬಹುದು ಎನ್ನುವುದಕ್ಕೆ ರಾಸಾಯನಿಕ ಕಾರಣವಿದೆ. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ, ಪೆಟ್ರೋಲಿಯಂ ಎಣ್ಣೆಯಲ್ಲಿ ಕರಗುವುದಿಲ್ಲ. ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಿದರೆ ಸ್ಪಿರಿಟ್ ಆರಿಹೋಗಿ ಎಣ್ಣೆಗೆ ಜಗ್ಗದ ಪೊರೆ ಉಳಿಯುತ್ತದೆ. ಆದರೆ 75-80 ಡಿಗ್ರಿಗೇ ಮೆತ್ತಗಾಗುವ, ಬಹುಕಾಲ ಕಾದರೆ ಗಾಜಿನಂತೆ ಬಿರುಸಾಗುವ ವಸ್ತು ಅದು, ಅಲುಗಾಡುವ ಜೋಡಣೆಗೆ ತಕ್ಕುದಲ್ಲ. (ಹಳೆಯ ಬೈಕುಗಳ ಪೆಟ್ರೋಲ್ ದಾರಿಯಲ್ಲಿ ಎಲ್ಲಾದರೂ ಶೆಲ್ಯಾಕ್ ಹಚ್ಚಿಟ್ಟವರು, ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ, ಎಥೆನಾಲ್ ಕೂಡ ಆಲ್ಕೊಹಾಲೇ ಎಂಬುದನ್ನು ಮರೆಯಬಾರದು.)

ಇಂದಿನ ಕಾರುಗಳಲ್ಲಿ ಅನೇಕಕ್ಕೆ ಪ್ಯಾಕಿಂಗೇ ಇಲ್ಲ. ಟ್ಯೂಬಿನಿಂದ ಹಿಂಡಿದ ಸಿಲಿಕೋನ್ ಪೇಸ್ಟ್ ಒಂದೇ. ಚೇಂಬರ್ ಅಲ್ಯುಮಿನಿಯಂ ಎರಕದ್ದಾಗಿ ಬ್ಲಾಕು ಕಬ್ಬಿಣದ್ದಾಗಿದ್ದರೆ ಈ ಪೇಸ್ಟಿನ ಉಪಯೋಗ ಚೆನ್ನಾಗಿ ತಿಳಿಯುತ್ತದೆ. ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಎರಡು ಪಟ್ಟು ಹಿಗ್ಗುತ್ತದೆ. 40 ಸೆಂ.ಮೀ. ಉದ್ದದ ಅಂಚು 80 ಡಿಗ್ರಿ ಬಿಸಿಯೇರಿದಾಗ ಎರಡು ಲೋಹಗಳ ನಡುವೆ ಮೂರನೇ ಒಂದು ಮಿ.ಮೀ.ಗೂ ಹೆಚ್ಚು ಸರಿದಾಟವಾಗಬಹುದು. ದಿನವೂ ಹೀಗೆ ಹಿಂದೆ ಮುಂದೆ ಜಾರುವ ಎರಡು ಮುಖಗಳ ನಡುವೆ ಅರಗು ಬಿರುಕು ಬಿಡುತ್ತದೆ, ಸಿಲಿಕೋನ್ ಎಳೆದುಕೊಂಡು ಬರುತ್ತದೆ.

ಈ ಪೇಸ್ಟಿನ ಬಗ್ಗೆ ಗ್ಯಾರೇಜುಗಳಲ್ಲಿ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ: ಅದು ಗೋಂದಿನಂತೆ ಆರಿ ಗಟ್ಟಿಯಾಗುತ್ತದೆ, ಬಿಸಿಲಿಗಿಟ್ಟರೆ ಬೇಗ ಆಗುತ್ತದೆ ಎಂದು. ನಿಜಸಂಗತಿ ತಿರುವುಮುರುವು. ಸಿಲಿಕೋನ್ ಪೇಸ್ಟ್ ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿಕೊಂಡು. ತೇವದ ಅಣುಗಳೇ ಅದರ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಕ್ರಿಯೆಯನ್ನು ನಡೆಸುತ್ತವೆ. ಕೆಲವು ಪೇಸ್ಟುಗಳಿಂದ ಆಗ ವಿನೆಗರಿನ ವಾಸನೆ ಬರುತ್ತದೆ, ಆ ಕ್ರಿಯೆಯಲ್ಲಿ ಅಸಿಟಿಕ್ ಆಮ್ಲ ಹೊರಬರುವುದರಿಂದ. ಮೇಲ್ಪೊರೆ ಹತ್ತಿಪ್ಪತ್ತು ನಿಮಿಷದಲ್ಲಿ ಕಟ್ಟಿದರೂ ಒಳಗೆ ತೇವ ಇಳಿಯುವುದು ದಿನಕ್ಕೆ ಎರಡು-ಮೂರು ಮಿ.ಮೀ. ಮಾತ್ರ. ಜುಲೈ ತಿಂಗಳ ಜಡಿಮಳೆಯಲ್ಲಿ ಚೆನ್ನಾಗಿ ಕೂಡಿಕೊಳ್ಳುವ ಪೇಸ್ಟ್, ಮಾರ್ಚಿನ ಒಣ ಮಧ್ಯಾಹ್ನದಲ್ಲಿ ಸೋಮಾರಿಯಾಗುತ್ತದೆ. ಸಂಜೆ ಪೇಸ್ಟ್ ಹಚ್ಚಿ, ಅರ್ಧ ಗಂಟೆಗೆ ಎಣ್ಣೆ ತುಂಬಿ, ಗಿರಾಕಿಗೆ ಕೀಲಿ ಕೊಟ್ಟ ಕಾರು ಮರಳಿ ಬಂದರೆ ಪೇಸ್ಟಿನ ಕಂಪನಿಯನ್ನು ಬಯ್ದು ಫಲವಿಲ್ಲ. ಒಂದು ಇಡೀ ರಾತ್ರಿ, ಸಾಧ್ಯವಾದರೆ 24 ಗಂಟೆ, ಅದಕ್ಕೆ ಬೇಕು. ಕಾರ್ಕಿನಂತೆ ಆಮೇಲೆ ಮತ್ತೆ ಬಿಗಿಯುವುದೂ ಇಲ್ಲಿ ಸಲ್ಲದು, ಕಟ್ಟಿಕೊಂಡ ಪೊರೆ ಹರಿಯುತ್ತದೆ.

ಹೆಚ್ಚು ಹಚ್ಚುವುದು ಇನ್ನೊಂದು ಚಟ. ಮೂರು ಮಿ.ಮೀ. ದಪ್ಪದ ಒಂದೇ ಎಳೆ, ಎಲ್ಲೂ ತುಂಡಾಗದಂತೆ, ಬೋಲ್ಟ್ ತೂತುಗಳ ಒಳಬದಿಯಿಂದ ಹಾಯಿಸಿದರೆ ಸಾಕು. ಉಳಿದದ್ದು ಹೊರಗೆ ಹಿಂಡಿ ಬಂದಷ್ಟೇ ಒಳಗೂ ಹಿಂಡಿ ಹೋಗಿರುತ್ತದೆ. ಹೊರಗಿನದು ಕಣ್ಣಿಗೆ ಕಾಣುತ್ತದೆ, ಬೆರಳಿನಿಂದ ಒರೆಸುತ್ತೇವೆ. ಒಳಗಿನದು ಒಂದು ದಿನ ಕಳಚಿ ಎಣ್ಣೆಯಲ್ಲಿ ತೇಲಿ, ಪಂಪು ಎಣ್ಣೆ ಹೀರುವ ಜಾಲರಿಗೆ ಅಡ್ಡ ಕೂರುತ್ತದೆ. ಹನಿ ಎಣ್ಣೆ ಉಳಿಸಲು ಹೋಗಿ ಬೇರಿಂಗು ಸುಟ್ಟುಕೊಂಡ ಎಂಜಿನ್ನುಗಳು ಹೀಗೆ ಹುಟ್ಟುತ್ತವೆ. ಹೆಚ್ಚುವರಿ ಪೇಸ್ಟಿಗೆ ನ್ಯಾಯವಾದ ಜಾಗ ಒಂದೇ: ಮುಂದಿನ ಟೈಮಿಂಗ್ ಕವರು ಬ್ಲಾಕನ್ನು ಸೇರುವ ಗೆರೆ ಚೇಂಬರಿನ ಅಂಚನ್ನು ಸಂಧಿಸುವ ಮೂಲೆ. ಮೂರು ತುಂಡುಗಳು ಕೂಡುವಲ್ಲಿ ಮಟ್ಟ ಎಂದೂ ಪೂರಾ ಒಂದಾಗಿರುವುದಿಲ್ಲ.

ಇಷ್ಟೆಲ್ಲಕ್ಕಿಂತ ದೊಡ್ಡ ಗುಟ್ಟು ಶುಚಿ. ಕರ್ಜಿಕಾಯಿ ಮಾಡುವವರಿಗೆ ಇದು ಗೊತ್ತು. ಅಂಚಿಗೆ ಹೂರಣವೋ ತುಪ್ಪವೋ ತಾಕಿದ್ದರೆ ಎಷ್ಟು ಒತ್ತಿ ಮುಚ್ಚಿದರೂ ಬಾಣಲೆಯಲ್ಲಿ ಬಾಯಿ ಬಿಡುತ್ತದೆ. ಎಣ್ಣೆ ಬಸಿದು ಚೇಂಬರ್ ಇಳಿಸಿದ ಮೇಲೂ ಮೇಲಿನ ಬ್ಲಾಕಿನ ಗೋಡೆಗಳಿಂದ, ಕ್ರ್ಯಾಂಕಿನಿಂದ ಗಂಟೆಗಟ್ಟಲೆ ಎಣ್ಣೆ ಇಳಿಯುತ್ತಲೇ ಇರುತ್ತದೆ, ಇಳಿದು ನಿಲ್ಲುವುದು ನಾವು ಪೇಸ್ಟ್ ಹಚ್ಚಬೇಕಾದ ಅಂಚಿನಲ್ಲೇ. ಒರೆಸಿ ಹತ್ತು ನಿಮಿಷಕ್ಕೆ ಮತ್ತೆ ಪೊರೆ. ಉಸ್ತಾದ್ ನಮ್ಮ ಕಾರನ್ನು ರಾತ್ರಿಯೆಲ್ಲ ಬಾಯಿ ತೆರೆದೇ ಬಿಟ್ಟರು, ಕೆಳಗೆ ಟ್ರೇ ಇಟ್ಟು, ಸುತ್ತ ಹಳೆ ಸೀರೆ ಕಟ್ಟಿ ದೂಳು ತಡೆದು. ಬೆಳಿಗ್ಗೆ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಅಂಚನ್ನು ಒರೆಸಿದರು, ಬಟ್ಟೆ ಬೆಳ್ಳಗೆ ಬರುವ ತನಕ. ಬೋಲ್ಟಿನ ತೂತುಗಳನ್ನೂ ಊದಿ ಒಣಗಿಸಿದರು. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟು ಪಿಸ್ಟನ್ನಿನಂತೆ ಅದನ್ನು ಅದುಮುತ್ತದೆ. ಬಿಗಿಯಾಯಿತೆಂದು ಕೈಗೆ ಅನ್ನಿಸುತ್ತದೆ, ಚೇಂಬರ್ ಮಾತ್ರ ಸಡಿಲ. ಅಲ್ಯುಮಿನಿಯಂ ಬ್ಲಾಕಾದರೆ ಸೀಳಿಯೂ ಹೋಗಬಹುದು.

ಬಿಗಿಯುವ ಕೆಲಸ ಬೇಗ ಮುಗಿಯಿತು. ಮೊದಲು ಎಲ್ಲ ಬೋಲ್ಟನ್ನೂ ಬೆರಳಿನಲ್ಲೇ ತಿರುಗಿಸಿ ಕೂರಿಸಿದರು. ಆಮೇಲೆ ನಡುವಿನಿಂದ ಶುರುಮಾಡಿ ಆ ಬದಿಗೊಂದು ಈ ಬದಿಗೊಂದು ಎಂದು ತುದಿಗಳತ್ತ ಸಾಗಿ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ. ಸ್ಪ್ಯಾನರನ್ನು ಹಿಡಿದದ್ದು ತುದಿಯಲ್ಲಲ್ಲ, ತಲೆಯ ಹತ್ತಿರ, ಬೆರಳು ಮೂರೇ. ಟಾರ್ಕ್ ರೆಂಚ್ ಇಲ್ಲವೇ ಎಂದು ಕೇಳಿದೆ. "ಇದೆ ಸಾರ್, ಹೆಡ್ ಕೆಲಸಕ್ಕೆ. ಇದಕ್ಕೆ ಅದು ದೊಡ್ಡದಾಯ್ತು," ಎಂದರು. ಅವರ ಮಾತು ಸರಿ. ದೊಡ್ಡ ರೆಂಚ್ ತನ್ನ ಅಳತೆಯ ಕೆಳತುದಿಯಲ್ಲಿ ನಂಬಲರ್ಹವಲ್ಲ. ಆದರೂ ಚಿಕ್ಕದೊಂದನ್ನು ಕೊಂಡಿಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಅವರ ಮೂರು ಬೆರಳು ಎಲ್ಲರಿಗೂ ಇರುವುದಿಲ್ಲ.

ಹೊರಡುವ ಮುಂಚೆ ಅವರು ನೋಡಿದ್ದು ಎಂಜಿನ್ನಿನ ಬ್ರೀದರ್ ಪೈಪು. ಪಿಸ್ಟನ್ ರಿಂಗುಗಳ ಸಂದಿನಿಂದ ಉರಿದ ಅನಿಲ ಸ್ವಲ್ಪ ಸ್ವಲ್ಪ ಕೆಳಕ್ಕೆ ನುಸುಳುತ್ತಲೇ ಇರುತ್ತದೆ. ಅದು ಹೊರಹೋಗಲು ಇರುವ ದಾರಿ ಇದು. ಮಸಿಗಟ್ಟಿ ಮುಚ್ಚಿಹೋದರೆ ಬಾವಿಯಂತೆ ಶಾಂತವಾಗಿರಬೇಕಾದ ಚೇಂಬರ್ ಉಸಿರು ಕಟ್ಟಿದ ಬಲೂನಾಗುತ್ತದೆ. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ಟಿಗೆ ಒಳಗಿನ ಒತ್ತಡವೇ ಆಸರೆ, ಅದು ಏರಿದಷ್ಟೂ ಗ್ಯಾಸ್ಕೆಟ್ ಅಂಚಿಗೆ ಒತ್ತಿಕೊಳ್ಳುತ್ತದೆ. ಚೇಂಬರಿನ ಪ್ಯಾಕಿಂಗಿಗೆ ಆ ಅನುಕೂಲವಿಲ್ಲ. ನಮ್ಮ ಪೈಪಿನಲ್ಲಿ ಅರ್ಧ ಮಸಿ ಇತ್ತು.

ಮರುದಿನ ಬೆಳಿಗ್ಗೆ ಕಾರಿನಡಿ ಹಾಸಿದ್ದ ಪತ್ರಿಕೆಯನ್ನು ಎಳೆದು ನೋಡಿದೆ. ಚೇಂಬರಿನ ಸುತ್ತ ಒಣಗಿತ್ತು, ಹಿಂಬದಿಯಲ್ಲಿ, ಗೇರ್ ಬಾಕ್ಸ್ ಸೇರುವಲ್ಲಿ, ಎರಡು ಹನಿ. ಎಣ್ಣೆ ತನ್ನ ಪ್ರಮಾಣವನ್ನು ಮೀರಿ ಕಾಣಿಸಿಕೊಳ್ಳುತ್ತದೆ. ಮಳೆನೀರಿನ ಮೇಲೆ ಬಣ್ಣಬಣ್ಣವಾಗಿ ಹರಡಿದರೆ ಒಂದೇ ಹನಿ ಸುಮಾರು ಒಂದು ಚದರ ಅಡಿ ಮುಚ್ಚಬಲ್ಲದು. ಆದರೂ ಹನಿ ಹನಿಯೇ. ಫೋನ್ ಮಾಡಿದೆ. "ಕಾರು ಹೇಗೆ ನಿಲ್ಸಿದೀರಿ ಸಾರ್? ಮೂತಿ ಮೇಲಾ, ಕೆಳಗಾ?" ಎಂದರು. ನಮ್ಮ ಮನೆಯ ಗೇಟಿನಿಂದ ಒಳಕ್ಕೆ ಏರು, ಕಾರು ಮೂತಿ ಮೇಲೆ ಮಾಡಿ ನಿಂತಿತ್ತು. ಈ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಹಿಂದಿನ ತುದಿಗೆ ರಬ್ಬರ್ ಸೀಲ್ ಇಲ್ಲವಂತೆ. ಬದಲಿಗೆ ಶಾಫ್ಟಿನ ಮೇಲೆ ಕೊರೆದ ಒಂದು ತಿರುಗುಮರೆ. ಶಾಫ್ಟ್ ತಿರುಗುವಾಗ ಆ ಮರೆ ಎಣ್ಣೆಯನ್ನು ಒಳಕ್ಕೆ ತಿರುಪಿಕೊಂಡು ಹೋಗುತ್ತದೆ, ನಿಂತಾಗ ಅದು ಬರೀ ಒಂದು ತೆರೆದ ಸಂದು. ಅಂದಿನಿಂದ ಅಂಬಾಸಡರನ್ನು ರಿವರ್ಸ್‌ನಲ್ಲೇ ಒಳಗೆ ತರುತ್ತೇನೆ.